ಬೆನ್ನ ಹಿಂದಿನ ಕಣ್ಣು

ಮೊಲದ ಕಣ್ಣುಗಳು ಅದರ ತಲೆಯ ಎರಡು ಪಕ್ಕಗಳಲ್ಲಿವೆ. ಆದುದರಿಂದ ಅದು ಕತ್ತನ್ನು ಹೊರಳಿಸದೆಯೇ ಸುತ್ತಲಿನ ಹೆಚ್ಚುಕಡಮೆ ಎಲ್ಲ ದಿಕ್ಕುಗಳನ್ನೂ ನೋಡಬಲ್ಲದು. ಹಿಂದಿನಿಂದ ಅಟ್ಟಿಕೊಂಡು ಬರುವ ನಾಯಿಯೂ ಅದಕ್ಕೆ ಕಾಣುವುದು. ಮನುಷ್ಯನ ಕಣ್ಣುಗಳಾದರೋ ಎರಡೂ ಮುಖದ ಮುಂಭಾಗದಲ್ಲಿವೆ. ಎರಡು ಕಣ್ಣುಗಳು ಒಂದೇ ವಸ್ತುವನ್ನು ಒಟ್ಟಿಗೆ ನೋಡುವುದರಿಂದ ಹತ್ತಿರದ ವಸ್ತುಗಳ ದೂರ ನಮಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಈ ಲಾಭದ ಜೊತೆಗೆ ಒಂದು ನಷ್ಟವೂ ಬಂದಿದೆ: ಬೆನ್ನ ಹಿಂದಿನ ಅರ್ಧ ಜಗತ್ತು ನಮಗೆ ಕಾಣದು. ಕಾಲ್ನಡಿಗೆಯಲ್ಲಿ ಹೋಗುವವನಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ; ಸದ್ದು ಕೇಳಿದರೆ ನಿಂತು ತಿರುಗಿ ನೋಡುತ್ತಾನೆ. ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಹೋಗುವ ಮೋಟಾರ್ ಸೈಕಲ್ ಸವಾರನ ಸ್ಥಿತಿ ಹಾಗಲ್ಲ. ಅವನು ಪೂರ್ತಿಯಾಗಿ ಹಿಂದಿರುಗಿ ನೋಡಲು ಒಂದು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ 11 ಮೀಟರ್ ದಾರಿಯನ್ನು ಮುಂದೆ ನೋಡದೆಯೇ ಕ್ರಮಿಸಿರುತ್ತಾನೆ.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ವಾಹನಗಳಿಗೆ ಹಿನ್ನೋಟದ ಕನ್ನಡಿ ಬಂದಿತು. ಹೊಸ ವಾಹನಕ್ಕೆ ಕಾರ್ಖಾನೆಯವರೇ ಲೆಕ್ಕಹಾಕಿ ಕನ್ನಡಿಯನ್ನು ಜೋಡಿಸಿ ಕೊಡುತ್ತಾರೆ. ಹಳೆಯ ಮೋಟಾರ್ ಸೈಕಲ್ಲನ್ನು ಓಡಿಸುವವನು ಮಾತ್ರ ಈ ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕು. ಈ ಲೇಖನವು ಆ ಲೆಕ್ಕವನ್ನು ಕುರಿತದ್ದು.

ಮೈಸೂರಿನ ಜಾವಾ, ಖಾನಾಪುರದ ದಾರಿ

ಕನ್ನಡನಾಡಿನಲ್ಲಿ ಹಳೆಯ ಮೋಟಾರ್ ಸೈಕಲ್ ಎಂದೊಡನೆ ನೆನಪಿಗೆ ಬರುವ ಹೆಸರು ಜಾವಾ. ಜಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ಪ್ರಾಗ್ ನಗರದಲ್ಲಿ, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದು ಕೆಲಸ ಆರಂಭಿಸಿದನು. ಎರಡು ಹೆಸರುಗಳ ಮೊದಲ ಅಕ್ಷರಗಳಾದ ‘ಜಾ’ ಮತ್ತು ‘ವಾ’ ಕೂಡಿ ಈ ಹೆಸರಾಯಿತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಈ ವಾಹನವನ್ನು ನಮ್ಮಲ್ಲಿಯೇ ತಯಾರಿಸತೊಡಗಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೊರಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮದರಾಸಿನಲ್ಲಿ 1955ರಿಂದ ಸಿದ್ಧವಾಗತೊಡಗಿದ ಬುಲೆಟ್ಟು ಇದೇ ಪೀಳಿಗೆಯ ಇನ್ನೊಂದು ಹೆಸರಾಂತ ವಾಹನ.

ಇಂತಹ ವಾಹನಗಳು ಬೆಳಗಾವಿಯ ಮನೆಗಳ ಅಂಗಳದಲ್ಲಿ ಈಗಲೂ ಉಂಟು. ಅಜ್ಜನ ಜಾವಾವನ್ನೋ ತಂದೆಯ ಯೆಜ್ಡಿಯನ್ನೋ ಸರಿಪಡಿಸಿಕೊಂಡು ಕಾಲೇಜಿಗೆ ಬರುವ ತರುಣರೂ ಇದ್ದಾರೆ. ಅವು ಹೊಸದಾಗಿದ್ದ ಕಾಲದಲ್ಲಿ ಕನ್ನಡಿಯು ಸಾಮಾನ್ಯವಾಗಿ ಬೇಕಾದವರು ಬೇರೆಯಾಗಿ ಕೊಂಡು ಹಾಕಿಸಿಕೊಳ್ಳುವ ವಸ್ತುವಾಗಿತ್ತು. ಅಂದಿನ ರಸ್ತೆಗಳಲ್ಲಿ ಜಾವಾವನ್ನು ಹಿಂದಿನಿಂದ ಬಂದು ದಾಟುವ ವಾಹನಗಳೇ ಕಡಮೆ. ಎತ್ತಿನ ಗಾಡಿ, ಸೈಕಲ್ಲು, ನಿಧಾನವಾದ ಬಸ್ಸುಗಳ ನಡುವೆ ಸವಾರನಿಗೆ ಮುಂದಿನ ಚಿಂತೆಯೇ ಹೆಚ್ಚು. ಇಂದು ಬೆಳಗಾವಿಯಿಂದ ಪೀರನವಾಡಿ, ಮಚ್ಛೆ, ಗಣೇಬೈಲುಗಳ ಮೂಲಕ ಖಾನಾಪುರಕ್ಕೆ ಹೋಗುವ ಸುಮಾರು 26 ಕಿಲೊಮೀಟರ್ ದಾರಿಯು ಗೋವೆಯ ಕಡೆಗೆ ಸಾಗುವ ಹೆದ್ದಾರಿ. ಅಲ್ಲಿ ಜಾವಾ ಸವಾರನೇ ನಿಧಾನದವನು. ಕಾರು, ಬಸ್ಸು, ಲಾರಿಗಳೆಲ್ಲ ಅವನ ಹಿಂದಿನಿಂದ ಬಂದು ಮುಂದೆ ಹೋಗುತ್ತವೆ. ವಾಹನ ಹಳೆಯದು, ಅಪಾಯ ಬರುವ ದಿಕ್ಕು ಹೊಸದು. ಕನ್ನಡಿಯಿಲ್ಲದ ಹಳೆಯ ವಾಹನಕ್ಕೆ ಕನ್ನಡಿ ಹಾಕಿಸುವುದು ಇಂದು ಅಲಂಕಾರದ ವಿಷಯವಲ್ಲ.

ಆದರೆ ಅಂಗಡಿಗೆ ಹೋದರೆ ಹತ್ತಾರು ಬಗೆಯ ಕನ್ನಡಿಗಳು ಕಣ್ಣಿಗೆ ಬೀಳುತ್ತವೆ: ದೊಡ್ಡವು, ಚಿಕ್ಕವು, ದುಂಡಗಿನವು, ಉದ್ದ ಕಂಬಿಯವು, ಹ್ಯಾಂಡಲಿನ ತುದಿಗೆ ಸಿಕ್ಕಿಸುವಂಥವು. ನೋಡಲು ಅಂದವಾದದ್ದನ್ನು ಆರಿಸಿಕೊಂಡು ಬರುವುದು ವಾಡಿಕೆ. ಪ್ರಯೋಗಶಾಲೆಯಲ್ಲಿ ಒಂದು ಉಪಕರಣವನ್ನು ನಾವು ಹಾಗೆ ಆರಿಸುತ್ತೇವೆಯೆ? ಅದು ಏನನ್ನು ಅಳೆಯುತ್ತದೆ, ಎಷ್ಟು ತಪ್ಪನ್ನು ತೋರಿಸುತ್ತದೆ, ಅಲುಗಾಡದೆ ನಿಲ್ಲುತ್ತದೆಯೆ ಎಂದು ವಿಚಾರಿಸುತ್ತೇವೆ. ಹಿನ್ನೋಟದ ಕನ್ನಡಿಯೂ ಒಂದು ಅಳತೆಯ ಉಪಕರಣವೇ. ಹಿಂದಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಬರುತ್ತಿದೆ ಎಂಬುದನ್ನು ಅದು ಹೇಳಬೇಕು.

ಇಂಡಿಯಾನಾಪೊಲಿಸ್‌ನ ಪಂದ್ಯ

ವಾಹನದಲ್ಲಿ ಕನ್ನಡಿಯನ್ನು ಬಳಸುವ ಯೋಚನೆ ಮೋಟಾರು ಯುಗದ ಆರಂಭದಲ್ಲಿಯೇ ಹುಟ್ಟಿತು. ಇಂಗ್ಲೆಂಡಿನ ಡೊರೊತಿ ಲೆವಿಟ್ ಎಂಬ ಮಹಿಳೆ 1909ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿಯನ್ನು ಇಟ್ಟುಕೊಂಡಿರಬೇಕೆಂದೂ ಅದನ್ನು ಎತ್ತಿ ಹಿಡಿದರೆ ಹಿಂದಿನ ರಸ್ತೆ ಕಾಣುವುದೆಂದೂ ಸಲಹೆ ಕೊಟ್ಟಳು. ಅನಂತರ 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಮೊದಲ ಪಂದ್ಯ ನಡೆಯಿತು. ಅಂದಿನ ಪಂದ್ಯದ ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕುಳಿತಿರುತ್ತಿದ್ದನು. ಹಿಂದಿನಿಂದ ಯಾರು ಬರುತ್ತಿದ್ದಾರೆಂದು ನೋಡಿ ಹೇಳುವುದು ಅವನ ಕೆಲಸಗಳಲ್ಲಿ ಒಂದು. ರೇ ಹ್ಯಾರೂನ್ ಎಂಬವನು ಒಬ್ಬನೇ ಕುಳಿತು ಓಡಿಸಿದನು. ಮೆಕ್ಯಾನಿಕನ ಬದಲು ತನ್ನ ಕಾರಿನ ಮೇಲೆ ಒಂದು ಕನ್ನಡಿಯನ್ನು ನಿಲ್ಲಿಸಿಕೊಂಡನು. ಪಂದ್ಯವನ್ನು ಗೆದ್ದವನೂ ಅವನೇ.

ಈ ಕಥೆಗೆ ಒಂದು ಉಪಕಥೆಯುಂಟು. ಆ ಪಂದ್ಯದ ಹಾದಿಗೆ ಇಟ್ಟಿಗೆಗಳನ್ನು ಹಾಸಿದ್ದರು. ಕಾರಿನ ಅದುರಿಗೆ ಕನ್ನಡಿಯು ಎಷ್ಟು ನಡುಗುತ್ತಿತ್ತೆಂದರೆ, ಅದರಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಹ್ಯಾರೂನ್ ಅನಂತರ ಹೇಳಿದನಂತೆ. ಕನ್ನಡಿಯನ್ನು ಜೋಡಿಸಿದ ಮಾತ್ರಕ್ಕೆ ಹಿಂದಿನದು ಕಾಣುವುದಿಲ್ಲ ಎಂಬ ಪಾಠ ಅಂದೇ ದೊರೆಯಿತು. ಈ ನಡುಕದ ವಿಚಾರಕ್ಕೆ ಮುಂದೆ ಬರೋಣ. ಮೊದಲು ಗಾಜಿನ ಆಕಾರವನ್ನು ನೋಡೋಣ.

ಚಪ್ಪಟೆಯೋ ಉಬ್ಬೋ?

ಮನೆಯ ಗೋಡೆಯ ಮೇಲಿನ ಕನ್ನಡಿ ಸಮತಲವಾದದ್ದು. ಅದರಲ್ಲಿ ವಸ್ತುವಿನ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿ, ಅಷ್ಟೇ ದೂರದಲ್ಲಿ ಕಾಣುವುದು. ಇದು ಸತ್ಯವಂತ ಕನ್ನಡಿ. ಆದರೆ ಇದರ ದೃಷ್ಟಿಯ ಹರವು ಕಿರಿದು. 10 ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿಯು ಸವಾರನ ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅದು ತೋರಿಸುವ ಕೋನ ಸುಮಾರು ಒಂಬತ್ತೂವರೆ ಡಿಗ್ರಿ ಮಾತ್ರ. 50 ಮೀಟರ್ ಹಿಂದೆ ರಸ್ತೆಯ ಸುಮಾರು 8 ಮೀಟರ್ ಅಗಲವಷ್ಟೇ ಅದರೊಳಗೆ ಹಿಡಿಸುತ್ತದೆ. ಹತ್ತಿರದಲ್ಲಿ ಇನ್ನೂ ಕಡಮೆ.

ಹೊರಕ್ಕೆ ಉಬ್ಬಿದ ಕನ್ನಡಿಯನ್ನು, ಎಂದರೆ ಪೀನ ದರ್ಪಣವನ್ನು ಬಳಸಿದರೆ ಹರವು ಹೆಚ್ಚುವುದು. ಎಷ್ಟು ಹೆಚ್ಚುವುದೆಂಬುದಕ್ಕೆ ಒಂದು ಸುಲಭವಾದ ಸೂತ್ರವಿದೆ. ಕಣ್ಣಿನಿಂದ ಕನ್ನಡಿಗಿರುವ ದೂರವನ್ನು ಕನ್ನಡಿಯ ಸಂಗಮ ದೂರದಿಂದ ಭಾಗಿಸಿ, ಬಂದುದಕ್ಕೆ ಒಂದನ್ನು ಕೂಡಿಸಿ. ದೊರೆಯುವ ಸಂಖ್ಯೆಯಷ್ಟು ಪಟ್ಟು ಹರವು ಹೆಚ್ಚುತ್ತದೆ. ಸಂಗಮ ದೂರವು ವಕ್ರತಾ ತ್ರಿಜ್ಯದ ಅರ್ಧವೆಂದು ನಿಮಗೆ ತಿಳಿದೇ ಇದೆ. 120 ಸೆಂಟಿಮೀಟರ್ ತ್ರಿಜ್ಯದ ಉಬ್ಬುಗನ್ನಡಿಯ ಸಂಗಮ ದೂರ 60 ಸೆಂಟಿಮೀಟರ್. ಕಣ್ಣೂ 60 ಸೆಂಟಿಮೀಟರ್ ದೂರದಲ್ಲಿದ್ದರೆ ಭಾಗಲಬ್ಧ 1. ಒಂದನ್ನು ಕೂಡಿಸಿದರೆ 2. ಎಂದರೆ ಅದೇ 10 ಸೆಂಟಿಮೀಟರ್ ಕನ್ನಡಿಯು ಈಗ 19 ಡಿಗ್ರಿಯಷ್ಟನ್ನು ತೋರಿಸುವುದು. 50 ಮೀಟರ್ ಹಿಂದೆ ಸುಮಾರು 17 ಮೀಟರ್ ಅಗಲ ಕಾಣುವುದು. ರಸ್ತೆಯ ಎರಡು ಅಂಚುಗಳೂ ಪಕ್ಕದ ಮರಗಳೂ ಅದರೊಳಗೆ ಬಂದುವು.

ಇಷ್ಟು ಲಾಭ ಪುಕ್ಕಟೆಯಾಗಿ ಬರುವುದಿಲ್ಲ. ಹರವು ಎಷ್ಟು ಪಟ್ಟು ಹೆಚ್ಚಿತೋ ದೂರದ ವಾಹನದ ಬಿಂಬವು ಅಷ್ಟೇ ಪಟ್ಟು ಕಿರಿದಾಗಿ ಕಾಣುವುದು. ಅದೇ ಗಾಜಿನೊಳಗೆ ಎರಡರಷ್ಟು ದೃಶ್ಯವನ್ನು ತುಂಬಿಸಬೇಕಾದರೆ ಪ್ರತಿಯೊಂದು ವಸ್ತುವೂ ಅರ್ಧಕ್ಕೆ ಕುಗ್ಗಬೇಕಲ್ಲವೆ? ನಮ್ಮ ಮನಸ್ಸು ಪರಿಚಿತ ವಸ್ತುವಿನ ಗಾತ್ರದಿಂದ ಅದರ ದೂರವನ್ನು ಊಹಿಸುತ್ತದೆ. ಅರ್ಧ ಗಾತ್ರದಲ್ಲಿ ಕಂಡ ಬಸ್ಸು ಎರಡರಷ್ಟು ದೂರದಲ್ಲಿದೆ ಎಂದು ಅದು ತೀರ್ಮಾನಿಸುವುದು. 30 ಮೀಟರ್ ಹಿಂದಿರುವ ಬಸ್ಸು 60 ಮೀಟರ್ ಹಿಂದಿದ್ದಂತೆ ತೋರುವುದು. ಕಾರಿನ ಪಕ್ಕದ ಕನ್ನಡಿಗಳ ಮೇಲೆ, ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಕೆತ್ತಿರುವುದು ಈ ಕಾರಣದಿಂದಲೇ.

ಎರಡು ಸೆಕೆಂಡಿನ ಲೆಕ್ಕ

ಈ ಭ್ರಮೆಯಿಂದ ಏನಾಗಬಹುದು ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಸವಾರನೊಬ್ಬನು ಖಾನಾಪುರದ ಕಡೆಗೆ ಹೋಗುತ್ತಿದ್ದಾನೆ. ಹೆದ್ದಾರಿಯಿಂದ ಬಲಕ್ಕೆ ತಿರುಗಿ ತನ್ನ ಹಳ್ಳಿಯ ದಾರಿಯನ್ನು ಹಿಡಿಯಬೇಕು. ವೇಗವನ್ನು ಗಂಟೆಗೆ 15 ಕಿಲೊಮೀಟರಿಗೆ ಇಳಿಸಿ, ಬಲಗನ್ನಡಿಯನ್ನು ನೋಡುತ್ತಾನೆ. ಹಿಂದೆ 30 ಮೀಟರ್ ದೂರದಲ್ಲಿ ಬಸ್ಸು 60 ಕಿಲೊಮೀಟರ್ ವೇಗದಲ್ಲಿ ಬರುತ್ತಿದೆ. ಎರಡರ ವೇಗಗಳ ಅಂತರ 45 ಕಿಲೊಮೀಟರ್, ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಬಸ್ಸು ಅವನನ್ನು ಮುಟ್ಟಲು ಬೇಕಾದ ಕಾಲ 2.4 ಸೆಕೆಂಡು. ಆದರೆ ಕನ್ನಡಿಯಲ್ಲಿ ಅದು 60 ಮೀಟರ್ ಹಿಂದಿದ್ದಂತೆ ಕಾಣುವುದರಿಂದ, ತನಗೆ 4.8 ಸೆಕೆಂಡು ಇದೆಯೆಂದು ಅವನ ಮನಸ್ಸು ಲೆಕ್ಕಹಾಕುವುದು. ವಾಹನಗಳು ಬರುವ ಪಟ್ಟಿಯನ್ನು ಓರೆಯಾಗಿ ದಾಟಲು 3 ಸೆಕೆಂಡು ಬೇಕೆನ್ನೋಣ. ಕನ್ನಡಿಯ ಲೆಕ್ಕದಲ್ಲಿ ಕಾಲ ಧಾರಾಳವಾಗಿದೆ. ನಿಜವಾದ ಲೆಕ್ಕದಲ್ಲಿ ಸಾಲದು. ಒಂದು ಜೀವದ ಅಳಿವು ಉಳಿವು ಈ ಎರಡು ಲೆಕ್ಕಗಳ ನಡುವೆ ನಿಂತಿದೆ.

ಹಾಗಾದರೆ ಅಂದಕ್ಕಾಗಿ ಹಾಕುವ ಪುಟ್ಟ ಕನ್ನಡಿಗಳ ಸಂಗತಿಯೇನು? 5 ಸೆಂಟಿಮೀಟರ್ ಅಗಲದ, 40 ಸೆಂಟಿಮೀಟರ್ ತ್ರಿಜ್ಯದ ದುಂಡು ಕನ್ನಡಿಯೊಂದನ್ನು ತೆಗೆದುಕೊಳ್ಳಿ. ಅದರ ಸಂಗಮ ದೂರ 20 ಸೆಂಟಿಮೀಟರ್. ಸೂತ್ರದಂತೆ 60ನ್ನು 20ರಿಂದ ಭಾಗಿಸಿ ಒಂದನ್ನು ಕೂಡಿಸಿದರೆ 4. ಅಗಲ ಅರ್ಧವಾದರೂ ಉಬ್ಬು ಹೆಚ್ಚಾದುದರಿಂದ ಇದು ಕೂಡ ಮೇಲಿನ 19 ಡಿಗ್ರಿಯನ್ನೇ ತೋರಿಸುವುದು. ‘ಚಿಕ್ಕದಾದರೂ ಎಲ್ಲ ಕಾಣುತ್ತದೆ’ ಎಂದು ಮಾರುವವನು ಹೇಳುವ ಮಾತು ಸುಳ್ಳಲ್ಲ. ಆದರೆ ಅದರಲ್ಲಿ 30 ಮೀಟರ್ ಹಿಂದಿನ ಬಸ್ಸು 120 ಮೀಟರ್ ಹಿಂದಿದ್ದಂತೆ ತೋರುವುದು. ಕಾಣುವುದು ಬೇರೆ, ತಿಳಿಯುವುದು ಬೇರೆ.

ಇದಕ್ಕಾಗಿಯೇ ನಿಯಮಗಳು ಉಬ್ಬಿಗೆ ಮಿತಿಯನ್ನು ಹಾಕಿವೆ. ವಾಹನಗಳ ಬಗೆಗಿನ ವಿಶ್ವಸಂಸ್ಥೆಯ 81ನೆಯ ನಿಯಮದಂತೆ ಮೋಟಾರ್ ಸೈಕಲ್ ಕನ್ನಡಿಯ ತ್ರಿಜ್ಯ 100ರಿಂದ 150 ಸೆಂಟಿಮೀಟರುಗಳ ನಡುವೆ ಇರಬೇಕು. ದುಂಡು ಕನ್ನಡಿಯ ವ್ಯಾಸ 94 ಮಿಲಿಮೀಟರಿಗೆ ಕಡಮೆಯಿರಬಾರದು. ಕೊಳ್ಳುವವನಿಗೆ ಇವೆರಡು ಅಂಕೆಗಳು ಸಾಕಷ್ಟು ಒಳ್ಳೆಯ ಮಾರ್ಗದರ್ಶಿ.

ಅಂಗಡಿಯಲ್ಲಿ ಪರೀಕ್ಷೆ

ತ್ರಿಜ್ಯವನ್ನು ಕನ್ನಡಿಯ ಮೇಲೆ ಯಾರೂ ದೊಡ್ಡದಾಗಿ ಬರೆದಿರುವುದಿಲ್ಲ. ಅದನ್ನು ಕಂಡುಹಿಡಿಯಲು ನೇರವಾದ ಉಕ್ಕಿನ ಸ್ಕೇಲೊಂದು ಸಾಕು. ಸ್ಕೇಲಿನ ಅಂಚನ್ನು ಕನ್ನಡಿಯ ನಡುವೆ ತಾಗಿಸಿ, ಎರಡು ಕಡೆಯ ಸಂದು ಸಮವಾಗುವಂತೆ ಹಿಡಿಯಿರಿ. ನಡುವಿನಿಂದ 5 ಸೆಂಟಿಮೀಟರ್ ಆಚೆಗೆ ಸಂದು ಸುಮಾರು 1 ಮಿಲಿಮೀಟರ್ ಇದ್ದರೆ ತ್ರಿಜ್ಯ 120 ಸೆಂಟಿಮೀಟರಿನ ಆಸುಪಾಸಿನಲ್ಲಿದೆ. ಸಂದು 3 ಮಿಲಿಮೀಟರ್ ಇದ್ದರೆ ತ್ರಿಜ್ಯ 40 ಸೆಂಟಿಮೀಟರಿನಷ್ಟು; ಅಂತಹ ಕನ್ನಡಿಯನ್ನು ಮರಳಿ ಕೊಡುವುದು ಲೇಸು. ಸಂದೇ ಇಲ್ಲದಿದ್ದರೆ ಕನ್ನಡಿ ಸಮತಲ. ಕಾಲೇಜಿನ ವಿದ್ಯಾರ್ಥಿಗಳು ಸ್ಫೆರೋಮೀಟರನ್ನು ಬಳಸಿ ಇನ್ನೂ ನಿಖರವಾಗಿ ಅಳೆಯಬಹುದು. ಕಾಲುಗಳ ನಡುವಣ ಅಂತರ 4 ಸೆಂಟಿಮೀಟರ್ ಇರುವ ಉಪಕರಣದಲ್ಲಿ 120 ಸೆಂಟಿಮೀಟರ್ ತ್ರಿಜ್ಯದ ಕನ್ನಡಿಯು ಸುಮಾರು 0.22 ಮಿಲಿಮೀಟರ್ ಎತ್ತರವನ್ನು ತೋರಿಸಬೇಕು. ಪರೀಕ್ಷೆಗಾಗಿ ಮಾತ್ರ ಕಲಿತ ಪ್ರಯೋಗಕ್ಕೆ ಇಲ್ಲಿ ಒಂದು ನಿಜವಾದ ಉಪಯೋಗ ದೊರೆಯಿತು.

ಎರಡನೆಯ ಪರೀಕ್ಷೆ ಗಾಜಿನ ನಯಕ್ಕೆ ಸಂಬಂಧಿಸಿದ್ದು. ದೂರದ ವಿದ್ಯುತ್ ಕಂಬವೊಂದರ ಬಿಂಬವನ್ನು ಕನ್ನಡಿಯಲ್ಲಿ ಹಿಡಿದು, ಕನ್ನಡಿಯನ್ನು ಮೆಲ್ಲಗೆ ಆಚೀಚೆ ತಿರುಗಿಸಿ. ಒಳ್ಳೆಯ ಕನ್ನಡಿಯಲ್ಲಿ ಕಂಬವು ನಡುವಿನಿಂದ ಅಂಚಿಗೆ ನಯವಾಗಿ ಸರಿಯುವುದು. ಹಾವಿನಂತೆ ಬಳುಕಿದರೆ ಗಾಜಿನ ಮೈ ಏರುಪೇರಾಗಿದೆ ಎಂದು ತಿಳಿಯಬೇಕು.

ಎಲ್ಲಿ ನಿಲ್ಲಿಸಬೇಕು?

ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ನಮ್ಮನ್ನು ದಾಟುವವರು ಬಲದಿಂದ ದಾಟುತ್ತಾರೆ. ಆದುದರಿಂದ ಒಂದೇ ಕನ್ನಡಿ ಹಾಕಿಸುವುದಾದರೆ ಅದು ಬಲಗಡೆ ಇರಬೇಕು. ಆದರೆ ಖಡೇಬಜಾರು, ಗಣಪತ ಗಲ್ಲಿಗಳಂತಹ ಇಕ್ಕಟ್ಟಿನಲ್ಲಿ ಎಡಗಡೆಯ ಸಂದಿನಲ್ಲಿಯೂ ಸೈಕಲ್ಲು, ಸ್ಕೂಟರುಗಳು ನುಸುಳುವುದುಂಟು. ಎರಡು ಕನ್ನಡಿಗಳಿರುವುದೇ ಸರಿ. ದೂರವನ್ನು ಅಳೆಯುವ ಕೆಲಸ ಹೆಚ್ಚಾಗಿ ಬಲಗನ್ನಡಿಯದಾದುದರಿಂದ ಅದರ ಉಬ್ಬು ಕಡಮೆಯಿದ್ದಷ್ಟೂ ಒಳ್ಳೆಯದು.

ಕನ್ನಡಿ ಎಷ್ಟು ಒಳ್ಳೆಯದಾದರೂ ಅದರ ಮುಂದೆ ಸವಾರನ ತೋಳು ಅಡ್ಡ ಬಂದರೆ ಕಾಣುವುದು ಅಂಗಿಯ ತೋಳೇ ಹೊರತು ರಸ್ತೆಯಲ್ಲ. ಮಳೆಗಾಲದಲ್ಲಿ ರೇನ್‌ಕೋಟು ಹಾಕಿಕೊಂಡಾಗ ಈ ಅಡ್ಡಿ ಇನ್ನೂ ಹೆಚ್ಚು. ಕನ್ನಡಿಯ ನಡುಭಾಗವು ವಾಹನದ ನಡುಗೆರೆಯಿಂದ ಕನಿಷ್ಠ 279 ಮಿಲಿಮೀಟರ್, ಎಂದರೆ 11 ಅಂಗುಲ ಹೊರಗಿರಬೇಕೆಂದು ಅಮೆರಿಕದ ನಿಯಮವು ಹೇಳುತ್ತದೆ. ಇದಕ್ಕಾಗಿ ಕಂಬಿ ಉದ್ದವಾಗಿರಬೇಕು, ಇಲ್ಲವೆ ಕನ್ನಡಿಯನ್ನು ಹ್ಯಾಂಡಲಿನ ತುದಿಗೆ ಜೋಡಿಸಬೇಕು. ತುದಿಗನ್ನಡಿಯು ತೋಳನ್ನು ತಪ್ಪಿಸುತ್ತದೆ, ನಿಜ. ಆದರೆ ವಾಹನದ ಅಗಲ ಹೆಚ್ಚಿ ಗಲ್ಲಿಯಲ್ಲಿ ಇತರರಿಗೆ ತಗಲುವುದು, ಕಣ್ಣಿನಿಂದ ದೂರವಾಗುವುದರಿಂದ ಬಿಂಬವೂ ಕಿರಿದಾಗುವುದು. ಬಲತುದಿಗೆ ಸಿಕ್ಕಿಸಿದಾಗ ವೇಗವನ್ನು ಹೆಚ್ಚಿಸುವ ಹಿಡಿ ಸರಾಗವಾಗಿ ತಿರುಗಿ ತಾನಾಗಿ ಹಿಂದಕ್ಕೆ ಬರುವುದೇ ಎಂದು ನೋಡಲೇಬೇಕು.

ಹಳೆಯ ವಾಹನಗಳಿಗೆ ಕ್ಲಾಂಪಿನ ಕನ್ನಡಿ ಅನುಕೂಲವಾದುದು. ಸುಮಾರು 22 ಮಿಲಿಮೀಟರ್ ವ್ಯಾಸದ ಹ್ಯಾಂಡಲ್ ಕೊಳವೆಯನ್ನು ಕ್ಲಾಂಪು ಅಪ್ಪಿಕೊಳ್ಳುವುದು. ಎಲ್ಲಿಯೂ ತೂತು ಕೊರೆಯಬೇಕಾಗಿಲ್ಲ, ವಾಹನದ ಮೂಲರೂಪವೂ ಕೆಡುವುದಿಲ್ಲ. ಕೊಳವೆಗೂ ಕ್ಲಾಂಪಿಗೂ ನಡುವೆ ರಬ್ಬರಿನ ತೆಳುಪಟ್ಟಿಯನ್ನು ಇಟ್ಟರೆ ಹಿಡಿತ ಬಿಗಿಯಾಗುವುದು, ಹೊಳಪೂ ಉಳಿಯುವುದು.

ತಿರುಪಿನ ತಂಟೆ

ಕ್ಲಾಂಪಿನ ಬದಲು ತಿರುಪಿನಿಂದ ಕೂಡಿಸುವ ಕನ್ನಡಿಯಾದರೆ ಒಂದು ಎಚ್ಚರಿಕೆ ಅಗತ್ಯ. ಇಂದಿನ ಕನ್ನಡಿಗಳ ಕಂಬಿಯ ತುದಿ ಸಾಮಾನ್ಯವಾಗಿ 8 ಅಥವಾ 10 ಮಿಲಿಮೀಟರಿನದು. ಜೆಕ್ ಮೂಲದ ಜಾವಾ ಮಿಲಿಮೀಟರಿನ ಲೆಕ್ಕದ್ದು. ಬ್ರಿಟಿಷ್ ಮೂಲದ ಹಳೆಯ ವಾಹನಗಳ ತಿರುಪುಗಳು ಅಂಗುಲದ ಲೆಕ್ಕದವು. ಅಂಗುಲದ ಹದಿನಾರರಲ್ಲಿ ಐದು ಭಾಗವೆಂದರೆ 7.94 ಮಿಲಿಮೀಟರ್; 8 ಮಿಲಿಮೀಟರಿನ ತಿರುಪು ಅಲ್ಲಿ ಹೊಂದುವಂತೆ ತೋರುವುದು. ಆದರೆ ಸುತ್ತುಗಳ ಅಂತರ ಬೇರೆ. 8 ಮಿಲಿಮೀಟರಿನ ಸಾಮಾನ್ಯ ತಿರುಪಿನಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರ್, ಅಂಗುಲಕ್ಕೆ 18 ಸುತ್ತುಗಳಿರುವ ವಿಟ್‌ವರ್ತ್ ತಿರುಪಿನಲ್ಲಿ 1.41 ಮಿಲಿಮೀಟರ್. ಮೊದಲ ಎರಡು ಸುತ್ತು ಸುಲಭವಾಗಿ ಹೋಗಿ ಅನಂತರ ಬಿಗಿಯುವುದು. ಅಲ್ಲಿ ಬಲ ಹಾಕಿದರೆ ಅರ್ಧ ಶತಮಾನದಷ್ಟು ಹಳೆಯ ಭಾಗದ ಸುತ್ತುಗಳು ಅಳಿಸಿಹೋಗುತ್ತವೆ. ಕೈಬೆರಳಿನಿಂದ ಕೊನೆಯವರೆಗೆ ತಿರುಗದ ತಿರುಪನ್ನು ಸ್ಪ್ಯಾನರಿನಿಂದ ತಿರುಗಿಸಬಾರದು. ಇಂತಹ ಕಡೆ ನಡುವೆ ಕೂಡಿಸುವ ಸಣ್ಣ ತುಂಡೊಂದನ್ನು ಲೇತಿನ ಮೇಲೆ ಮಾಡಿಸಿಕೊಳ್ಳುವುದೇ ಸರಿಯಾದ ದಾರಿ. ಎರಕದ ಕೆಲಸಕ್ಕೂ ಯಂತ್ರಭಾಗಗಳಿಗೂ ಹೆಸರಾದ ಬೆಳಗಾವಿಯಲ್ಲಿ, ಅದರಲ್ಲಿಯೂ ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ, ಲೇತಿನ ಕೆಲಸ ಬಲ್ಲವರಿಗೆ ಬರವಿಲ್ಲ.

ನಡುಗುವ ಕನ್ನಡಿ

ಈಗ ಹ್ಯಾರೂನನ ಕಷ್ಟಕ್ಕೆ ಬರೋಣ. ಜಾವಾ, ಬುಲೆಟ್ಟುಗಳದು ಒಂಟಿ ಸಿಲಿಂಡರಿನ ಎಂಜಿನು. ಪಿಸ್ಟನ್ನು ಮೇಲೆ ಕೆಳಗೆ ಓಡಾಡುವಾಗ ಪ್ರತಿ ಸುತ್ತಿಗೆ ಒಮ್ಮೆ ವಾಹನವನ್ನು ಅಲುಗಿಸುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಅಲುಗಾಟಗಳು ಹ್ಯಾಂಡಲಿಗೆ ತಲಪುವುವು.

ಇತ್ತ ಕನ್ನಡಿಯೂ ಅದರ ಕಂಬಿಯೂ ಕೂಡಿ ಒಂದು ಕಂಪಿಸುವ ವಸ್ತು. ಮೇಜಿನ ಅಂಚಿನಲ್ಲಿ ಒತ್ತಿಹಿಡಿದ ಸ್ಕೇಲನ್ನು ಮೀಟಿದರೆ ಅದು ತನ್ನದೇ ಆದ ಒಂದು ಕಂಪನಾಂಕದಲ್ಲಿ ಮಿಡಿಯುವಂತೆ ಇದೂ ಮಿಡಿಯುವುದು. 8 ಮಿಲಿಮೀಟರ್ ದಪ್ಪದ, 20 ಸೆಂಟಿಮೀಟರ್ ಉದ್ದದ ಉಕ್ಕಿನ ಕಂಬಿಯ ತುದಿಯಲ್ಲಿ 200 ಗ್ರಾಂ ತೂಕದ ಕನ್ನಡಿಯಿದೆ, ಬುಡ ಅಲುಗದಂತೆ ಬಿಗಿಯಾಗಿದೆ ಎಂದುಕೊಂಡು ಲೆಕ್ಕಹಾಕಿದರೆ ಅದರ ಸಹಜ ಕಂಪನಾಂಕವು ಸೆಕೆಂಡಿಗೆ ಸುಮಾರು 44 ಎಂದು ಬರುವುದು. ಎಂಜಿನು ನಿಮಿಷಕ್ಕೆ 2600 ಸುತ್ತುಗಳನ್ನು ಸುತ್ತುವಾಗ ಅದರ ಅಲುಗಾಟವೂ ಇದೂ ಸರಿಹೊಂದುತ್ತವೆ. ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಯಾಗಿ ತಳ್ಳುತ್ತಿದ್ದರೆ ತೂಗು ಹೆಚ್ಚುತ್ತ ಹೋಗುವುದಷ್ಟೆ. ಹಾಗೆಯೇ ಇಲ್ಲಿ ಕನ್ನಡಿಯ ನಡುಕ ಬೆಳೆಯುವುದು. ಇದೇ ಅನುರಣನ. ದುರದೃಷ್ಟದಿಂದ ಇದು ಸವಾರನು ಹೆಚ್ಚು ಹೊತ್ತು ಬಳಸುವ ವೇಗದ ಎಲ್ಲೆಯಲ್ಲಿಯೇ ಬಂದು ಕೂಡುತ್ತದೆ.

ನಡುಕದ ಹಾನಿಯನ್ನು ಪ್ರತಿಫಲನದ ನಿಯಮವು ಇಮ್ಮಡಿಗೊಳಿಸುತ್ತದೆ. ಕನ್ನಡಿ ಅರ್ಧ ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣ ಒಂದು ಡಿಗ್ರಿ ತಿರುಗುವುದು. ಚಪ್ಪಟೆ ಕನ್ನಡಿಯಲ್ಲಿ 30 ಮೀಟರ್ ಹಿಂದಿನ ದೃಶ್ಯವು ಇದರಿಂದ ಅರ್ಧ ಮೀಟರಿನಷ್ಟು ಆಚೀಚೆ ಸರಿದಾಡುವುದು. ರಾತ್ರಿಯಲ್ಲಿ ಹಿಂದಿನ ವಾಹನದ ದೀಪ ಬಿಂದುವಾಗಿ ಕಾಣದೆ ಬೆಳಕಿನ ಗೆರೆಯಾಗಿ ಕಾಣುವುದು. ಅದು ಎರಡು ದೀಪಗಳ ಲಾರಿಯೋ ಒಂಟಿ ದೀಪದ ಬೈಕೋ ತಿಳಿಯದು.

ಪರಿಹಾರವೆಂದರೆ ಕನ್ನಡಿಯ ಕಂಪನಾಂಕವನ್ನು ಎಂಜಿನಿನ ದಿನಬಳಕೆಯ ವೇಗದಿಂದ ದೂರ ಸರಿಸುವುದು. ಕಂಬಿಯನ್ನು 8ರ ಬದಲು 10 ಮಿಲಿಮೀಟರ್ ದಪ್ಪದ್ದು ಮಾಡಿದರೆ ಕಂಪನಾಂಕ ಒಂದೂವರೆ ಪಟ್ಟಿಗೂ ಮೀರಿ ಹೆಚ್ಚಿ ಸುಮಾರು 68 ಆಗುವುದು. ಆಗ ನಿಮಿಷಕ್ಕೆ 4100 ಸುತ್ತುಗಳ ತನಕ ಅನುರಣನ ಬಾರದು. ಕಂಬಿಯನ್ನು 20ರಿಂದ 16 ಸೆಂಟಿಮೀಟರಿಗೆ ಮೊಟಕುಗೊಳಿಸಿದರೂ ಕಂಪನಾಂಕ ಏರುವುದು, ಆದರೆ ತೋಳು ಮತ್ತೆ ಅಡ್ಡ ಬರುವುದು. ಆದುದರಿಂದ ಗಿಡ್ಡ ಕಂಬಿಗಿಂತ ದಪ್ಪ ಕಂಬಿ ಮೇಲು. ಇನ್ನೊಂದು ಉಪಾಯವೆಂದರೆ ಕನ್ನಡಿಯ ತೂಕವನ್ನು ಹೆಚ್ಚಿಸುವುದು. ತೂಕ ಇಮ್ಮಡಿಯಾದರೆ ಕಂಪನಾಂಕ 31ಕ್ಕೆ ಇಳಿಯುವುದು. ಅನುರಣನವು ನಿಮಿಷಕ್ಕೆ 1850 ಸುತ್ತುಗಳಲ್ಲಿಯೇ ಬಂದುಹೋಗಿ, ದಾರಿಯ ವೇಗದಲ್ಲಿ ಕನ್ನಡಿ ನಿಶ್ಚಲವಾಗುವುದು. ಬುಡದ ಹಿಡಿತ ಸಡಿಲವಾಗಿದ್ದರೆ ಈ ಅಂಕೆಗಳೆಲ್ಲ ಕೆಳಗಿಳಿಯುತ್ತವೆ. ಕಂಬಿಯ ಬುಡದಲ್ಲಿ ಹಾಕುವ ರಬ್ಬರ್ ವಾಷರು ಕಂಪನದ ಶಕ್ತಿಯನ್ನು ಹೀರಿಕೊಂಡು ನಡುಕವನ್ನು ತಗ್ಗಿಸಲು ನೆರವಾಗುವುದು.

ಅಳತೆಗೆ ಹೊಂದಿಸುವುದು

ಉಪಕರಣವನ್ನು ಕೊಂಡು ಬಿಗಿದ ಮೇಲೆ ಅದನ್ನು ಅಳತೆಗೆ ಹೊಂದಿಸಬೇಕು. ವಾಹನವನ್ನು ಬಯಲಿನಲ್ಲಿ ನೇರವಾಗಿ ನಿಲ್ಲಿಸಿ, ಓಡಿಸುವಾಗ ಕುಳಿತಿರುವಂತೆಯೇ ಕುಳಿತುಕೊಳ್ಳಿ. ಗೆಳೆಯನೊಬ್ಬನು ವಾಹನವನ್ನು ಹಿಡಿದಿರಲಿ. ದಿಗಂತವು ಕನ್ನಡಿಯ ನಡು ಎತ್ತರದಲ್ಲಿಯೂ ನಿಮ್ಮ ಭುಜದ ಅಂಚು ಒಳಗಡೆಯ ಮೂಲೆಯಲ್ಲಿ ತುಸುವೇ ಕಾಣುವಂತೆಯೂ ತಿರುಗಿಸಿ. ಅನಂತರ 30 ಮೀಟರ್ ಹಿಂದೆ ಇನ್ನೊಂದು ವಾಹನವನ್ನು ನಿಲ್ಲಿಸಿ, ಅದು ಕನ್ನಡಿಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಚೆನ್ನಾಗಿ ನೋಡಿಕೊಳ್ಳಿ. ತಿರುಗಿ ಕಣ್ಣಾರೆ ಅದನ್ನು ನೋಡಿ ಹೋಲಿಸಿ. 60 ಮೀಟರಿಗೂ ಹೀಗೆಯೇ ಮಾಡಿ. ನಿಮ್ಮ ಕನ್ನಡಿ ಎಷ್ಟು ಸುಳ್ಳು ಹೇಳುತ್ತದೆಂಬುದು ಮನಸ್ಸಿನಲ್ಲಿ ನಿಂತರೆ ಆ ಸುಳ್ಳು ನಿಮ್ಮನ್ನು ವಂಚಿಸಲಾರದು. ದಾರಿಯಲ್ಲಿ ಒಂದರ ಬದಲು ಎರಡು ಸಲ ನೋಡುವ ಅಭ್ಯಾಸವೂ ಒಳ್ಳೆಯದು. ಎರಡು ನೋಟಗಳ ನಡುವೆ ಬಿಂಬ ಬೆಳೆದಿದ್ದರೆ ವಾಹನ ಹತ್ತಿರವಾಗುತ್ತಿದೆ. ಬೇಗ ಬೆಳೆದಿದ್ದರೆ ವೇಗವಾಗಿ ಬರುತ್ತಿದೆ.

ಈಗ ಕೊನೆಯ ಪ್ರಯೋಗ. ನೀವು ಮುಂದೆಯೇ ನೋಡುತ್ತಿರಿ. ಗೆಳೆಯನು ಹಿಂದಿನಿಂದ ಹೊರಟು ನಿಮ್ಮ ಬಲಗಡೆಗೆ ಅರ್ಧವೃತ್ತದಲ್ಲಿ ನಡೆದು ಬರಲಿ. ಅವನು ಕನ್ನಡಿಯಿಂದ ಮರೆಯಾದ ಜಾಗದಲ್ಲಿ ಸುಣ್ಣದಿಂದ ಒಂದು ಗುರುತು ಹಾಕಿ. ಕಣ್ಣಂಚಿಗೆ ಮತ್ತೆ ಕಂಡ ಜಾಗದಲ್ಲಿ ಇನ್ನೊಂದು ಗುರುತು. ಕಣ್ಣಂಚಿನ ದೃಷ್ಟಿ ಪಕ್ಕಕ್ಕೆ ಹೆಚ್ಚುಕಡಮೆ 90 ಡಿಗ್ರಿಯವರೆಗೆ ಹೋಗುವುದು. ಕನ್ನಡಿಯು ಹಿಂದಿನ 19 ಡಿಗ್ರಿಯನ್ನು ತೋರಿಸುವುದು. ನಡುವೆ ಉಳಿಯುವ ಸುಮಾರು 70 ಡಿಗ್ರಿಯ ಕೋನವನ್ನು ನೀವು ನೆಲದ ಮೇಲೆ ನೋಡುವಿರಿ. ಹತ್ತಿರದಲ್ಲಿ ಒಂದು ಇಡೀ ಮೋಟಾರ್ ಸೈಕಲ್ಲು ಅಲ್ಲಿ ಅಡಗಬಲ್ಲದು. ಯಾವ ಕನ್ನಡಿಯೂ ಇದನ್ನು ಪೂರ್ತಿಯಾಗಿ ತುಂಬಲಾರದು. ತಿರುಗುವ ಮೊದಲು ಕನ್ನಡಿಯನ್ನು ನೋಡಿ, ಗದ್ದವನ್ನು ಭುಜದ ಕಡೆಗೆ ತಂದು ಕ್ಷಣಮಾತ್ರ ಪಕ್ಕಕ್ಕೆ ನೋಡುವುದೊಂದೇ ಅದಕ್ಕೆ ಉಪಾಯ. ಪೂರ್ತಿ ಹಿಂದಿರುಗುವ ಕೆಲಸವನ್ನು ಕನ್ನಡಿ ತಪ್ಪಿಸಿದೆ. ಕಾಲು ಭಾಗ ತಿರುಗುವ ಕೆಲಸ ನಮ್ಮದಾಗಿಯೇ ಉಳಿದಿದೆ.

ಮಲಪ್ರಭೆ ಹುಟ್ಟುವ ಕಣಕುಂಬಿಯಿರುವ ಖಾನಾಪುರ ತಾಲ್ಲೂಕಿನಲ್ಲಿ ಮಳೆಗಾಲವು ಕನ್ನಡಿಗೂ ಪರೀಕ್ಷೆಯ ಕಾಲ. ಗಾಜಿನ ಮೇಲೆ ನಿಂತ ಪ್ರತಿಯೊಂದು ಹನಿಯೂ ಒಂದು ಪುಟ್ಟ ಮಸೂರವಾಗಿ ಬಿಂಬವನ್ನು ಚೂರುಚೂರು ಮಾಡುವುದು. ಜೇಬಿನಲ್ಲಿ ಒಂದು ಒಣಬಟ್ಟೆಯಿರಲಿ; ಅಂಚಿನಿಂದ ಕಪ್ಪು ಕಲೆಗಳು ಹಬ್ಬತೊಡಗಿದರೆ ಒಳಗಿನ ಲೋಹದ ಲೇಪ ಕೊರೆದುಹೋಗುತ್ತಿದೆ ಎಂದು ತಿಳಿದು ಗಾಜನ್ನು ಬದಲಿಸಿರಿ. ಸ್ಕೇಲಿನ ಪರೀಕ್ಷೆಗೆ ಒಂದು ನಿಮಿಷ, ಬಯಲಿನ ಪ್ರಯೋಗಕ್ಕೆ ಅರ್ಧ ಗಂಟೆ ಸಾಕು. ಮುಂದಿನ ಭಾನುವಾರ ನಿಮ್ಮ ಮನೆಯ ವಾಹನದ ಕನ್ನಡಿಯನ್ನೇ ಮೊದಲು ಅಳೆದು ನೋಡಿರಿ. ಅದು ಜಾವಾವೇ ಆಗಬೇಕೆಂದಿಲ್ಲ.